ಕಟಕಟ ಅಂದರೆ ಬರಕೊಂಡಂಗ

“ಕೀ ಒತ್ತಿದ್ದು ಮೊದಲ ಬೆರಳಿಗೆ ತಿಳೀಬೇಕ್ರಿ, ಆಮ್ಯಾಲ ಕಣ್ಣಿಗೆ.”

ಆಪಾ ಆಗಾಗ ಹೇಳುತ್ತಿದ್ದ ಮಾತು ಇದು. ಇದೇ ಶಬ್ದಗಳಲ್ಲಿ ಹೇಳುತ್ತಿದ್ದರೇ ಎಂದು ಯಾರಾದರೂ ಪ್ರಮಾಣ ಮಾಡಿಸಿದರೆ ನಾನು ಹಿಂಜರಿಯುತ್ತೇನೆ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ, ಮುಂದೆ ಪ್ರಬಂಧಕ್ಕೆಂದು ನಾನು ಆರಿಸಿಕೊಂಡ ವಿಷಯವೇ ನೆನಪು. ನೆನಪು ಗೋದಾಮಲ್ಲ, ಹೋದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ಗುಡಿಸಲು ಎಂದು ಪುಟಗಟ್ಟಲೆ ಬರೆದೆ. ಪ್ರಬಂಧ ಅರ್ಧಕ್ಕೆ ನಿಂತಿತು, ಸಂಶಯ ಮಾತ್ರ ಮೈಗೆ ಅಂಟಿಕೊಂಡಿತು. ಆಪಾ ಈಗ ಇಲ್ಲ. ಅವರ ಬಗ್ಗೆ ಬರೆಯುವಾಗ ನಾನು ಕಂಡದ್ದು ಯಾವುದು, ಆಮೇಲೆ ಕೂಡಿಸಿಕೊಂಡದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ. ಅದರಲ್ಲೂ ಖಾನಾಪುರದ ಆ ಒಂದು ಮಧ್ಯಾಹ್ನದ ಬಗ್ಗೆ. ಅವರ ಕೆಲಸ ಹೋದದ್ದು ಆ ಮಧ್ಯಾಹ್ನ. ಹೋಯಿತೋ, ಅವರೇ ಎತ್ತಿ ಕೊಟ್ಟರೋ ಎಂಬುದು ನನಗೆ ಬಗೆಹರಿಯದ ಪ್ರಶ್ನೆ.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ನಮ್ಮ ಕಚೇರಿಯಲ್ಲಿ ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಬೆಳಗಾವಿಯ ಶಿವಬಸವ ನಗರದ ಕಡೆ ಒಂದು ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಕಚೇರಿ. ಕಾಡಿನಲ್ಲಿ ತಲೆಮಾರುಗಳಿಂದ ಇರುವ ಮಂದಿ ತಾವಿರುವ ನೆಲಕ್ಕೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿರುತ್ತಾರಲ್ಲ, ಅಂಥವರ ಹೇಳಿಕೆ ತೆಗೆದುಕೊಳ್ಳುವುದು ನಮ್ಮ ಕೆಲಸ. ಅರ್ಜಿದಾರರು ಹೆಚ್ಚಾಗಿ ಖಾನಾಪುರದ ಕಾಡಂಚಿನ ಗೌಳಿಗಳು, ಎಮ್ಮೆ ಕಟ್ಟಿಕೊಂಡು ಬದುಕುವವರು, ಮನೆಯಲ್ಲಿ ಮರಾಠಿ ಆಡುವವರು. ಅವರ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಬೇಕು, ಆಪಾ ಟೈಪ್ ಮಾಡಬೇಕು. ಇಬ್ಬರೂ ಏಜೆನ್ಸಿಯ ಮೂಲಕ ಬಂದವರು. ವಿಚಾರಣೆ ನಡೆಸುವ ಅಧಿಕಾರಿ ಸಾಹೇಬರು ಬೇಡ ಎಂದು ಒಂದು ಮಾತು ಹೇಳಿದರೆ ಮರುತಿಂಗಳು ನಮ್ಮ ಕುರ್ಚಿಯಲ್ಲಿ ಬೇರೆಯವರು.

ಆಪಾರ ತವರು ಖಾನಾಪುರವೇ. ಹೀಗಾಗಿ ನಾನು ತಿರುಗಿಸುವ ಮುಂಚೆಯೇ ಮರಾಠಿ ಅವರಿಗೆ ಅರ್ಥವಾಗಿರುತ್ತಿತ್ತು. ನಾನು ಶಬ್ದ ಹುಡುಕುತ್ತ ನಿಂತರೆ ಬೆರಳು ಕೀಗಳ ಮೇಲಿಟ್ಟು ಕಾಯುತ್ತ, ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. “ಅರ್ಧಾ ಡಾಕ್ಟರ್ರ, ಅಕಿ ಎಮ್ಮಿ ಬಗ್ಗಿ ಹೇಳಾಕತ್ತಾಳ, ಪರಮಾತ್ಮನ ಬಗ್ಗಿ ಅಲ್ಲ. ಬರ್ರಿ ಲಗೂನ.” ಪ್ರಬಂಧ ಮುಗಿಯದ್ದಕ್ಕೆ ಅವರು ನನಗೆ ಕೊಟ್ಟ ಹೆಸರು ಅರ್ಧಾ ಡಾಕ್ಟರ್ರು.

ಇನ್ನು ಆ ಕೀಬೋರ್ಡು. ಅದು ಕಚೇರಿಯದಲ್ಲ, ಅವರ ಸ್ವಂತದ್ದು. ಒಂದು ಕಾಲಕ್ಕೆ ಬಿಳಿ ಇದ್ದದ್ದು ಹಳೆಯ ದಂತದ ಬಣ್ಣಕ್ಕೆ ತಿರುಗಿತ್ತು. ಒಳಗೆ ಉಕ್ಕಿನ ತಗಡು, ಪ್ರತಿ ಕೀಯ ಕೆಳಗೂ ಒಂದೊಂದು ಸ್ಪ್ರಿಂಗು. ಎತ್ತಿದರೆ ಮಸಾಲೆ ಕುಟ್ಟುವ ಕಲಬತ್ತಿನ ತೂಕ. ವೈರು ಸುರುಳಿ ಸುರುಳಿ, ಅದರ ತುದಿಯ ಗುಂಡನೆಯ ಪಿನ್ನು ಈಗಿನ ಯಾವ ಕಂಪ್ಯೂಟರಿಗೂ ಹೋಗದು. ಅದಕ್ಕೆ ಅಡಾಪ್ಟರಿನಂಥ ಒಂದು ಜೋಡುತುಂಡು ಹುಡುಕಿ ತಂದಿದ್ದರು. ಕೀಬೋರ್ಡು ಎಲ್ಲಿಂದ ಬಂತು ಎಂಬುದಕ್ಕೆ ನನ್ನ ತಲೆಯಲ್ಲಿ ಎರಡು ಕಥೆಗಳಿವೆ. ಟೈಪಿಂಗ್ ಕಲಿಸುತ್ತಿದ್ದ ಸಂಸ್ಥೆಯೊಂದು ಮುಚ್ಚಿದಾಗ ಅಲ್ಲಿ ಕಲಿಸುತ್ತಿದ್ದ ಆಪಾ ಗುಜರಿಗೆ ಹೋಗುತ್ತಿದ್ದುದನ್ನು ಎತ್ತಿಕೊಂಡರು ಎಂಬುದು ಒಂದು. ಗಂಡ ತಂದುಕೊಟ್ಟಿದ್ದು ಎಂಬುದು ಇನ್ನೊಂದು. ಎರಡನ್ನೂ ಅವರ ಬಾಯಿಂದಲೇ ಕೇಳಿದ್ದೇನೆ ಎಂದು ನನಗೆ ಅನಿಸುತ್ತದೆ. ಎರಡೂ ನಿಜ ಇರಲಾರವು.

ಶುಕ್ರವಾರ ಕೆಲಸ ಕಡಿಮೆ ಇದ್ದರೆ ಕೀಗಳ ಟೊಪ್ಪಿಗಳನ್ನೆಲ್ಲ ಕಿತ್ತು ಚಹಾ ಸೋಸುವ ಜಾಳಿಗೆಯಲ್ಲಿ ತೊಳೆದು, ಕಿಟಕಿಯ ಹತ್ತಿರ ಪೇಪರಿನ ಮೇಲೆ ಸಂಡಿಗೆಯಂತೆ ಒಣಹಾಕುತ್ತಿದ್ದರು. ಒಮ್ಮೆ ಅವರು ಊಟಕ್ಕೆ ಹೋದಾಗ ನಾನು ಟೊಪ್ಪಿಗಳನ್ನು ಅದಲುಬದಲು ಮಾಡಿ, ಎಲ್ಲಿಯದನ್ನು ಎಲ್ಲಿಯೋ ಕೂರಿಸಿಬಿಟ್ಟೆ. ಆಪಾ ಬಂದು ಕುಳಿತು ಸಂಜೆಯ ತನಕ ಟೈಪ್ ಮಾಡಿದರು, ಗಮನಿಸಲೇ ಇಲ್ಲ. ಸಿಕ್ಕಿಬಿದ್ದವರು ಸಾಹೇಬರು. ತಮ್ಮದೊಂದು ಟಿಪ್ಪಣಿ ತಿದ್ದಲು ಕುಳಿತು, ಒಂದೂ ಅಕ್ಷರ ಸರಿ ಬೀಳದೆ, “ಏನಮ್ಮ, ಇದಕ್ಕೇನು ದೆವ್ವ ಹಿಡಿದಿದೆಯಾ?” ಎಂದರು. ಸಾಹೇಬರು ಮೈಸೂರು ಕಡೆಯವರು. ಆಪಾ ನನ್ನ ಕಡೆ ಒಮ್ಮೆ ನೋಡಿ, “ದೆವ್ವ ಅಲ್ರಿ ಸರ, ಅರ್ಧಾ ಡಾಕ್ಟರ್ರು” ಎಂದರು.

ಹಳೆಯ ಕೀಬೋರ್ಡಿನಲ್ಲಿ ಕೈಗೆ ಆರಾಮ ಎಂಬ ಅವರ ಮಾತನ್ನು ನಾನು ನಂಬಿರಲಿಲ್ಲ. ಹಳೆಯ ಚಪ್ಪಲಿ, ಹಳೆಯ ದಿಂಬು ಇದ್ದಂತೆ ರೂಢಿಯನ್ನೇ ಸುಖವೆಂದು ತಿಳಿದಿದ್ದಾರೆ ಎಂದು ವಾದಿಸಿದೆ. ಒಂದು ಪರೀಕ್ಷೆಯನ್ನೂ ಮಾಡಿದೆ. ಒಂದೇ ಪುಟವನ್ನು ಮೊದಲು ಅವರದರ ಮೇಲೆ, ಆಮೇಲೆ ಕಚೇರಿಯ ಚಪ್ಪಟೆ ಕೀಬೋರ್ಡಿನ ಮೇಲೆ ಹೊಡೆಯಲು ಹೇಳಿ ಗಡಿಯಾರ ಹಿಡಿದು ನಿಂತೆ. ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಗೆದ್ದವನಂತೆ ಅದನ್ನು ಹೇಳಿದೆ.

“ಓಟದ ಪಂದ್ಯ ಏನ್ರಿ ಇದು?” ಎಂದರು ಆಪಾ. “ಒಂದ ಪುಟಾ ಹೊಡದು ಹೇಳಾಕ ಬರೂದಿಲ್ಲ. ದಿನಾ ಪೂರ್ತಿ ಇದರ ಮ್ಯಾಲ ಹೊಡದು, ಸಂಜೀಕ ಮನಿಗೆ ಹೋಗಿ ಚಪಾತಿ ಲಟ್ಟಸ್ರಿ. ಲಟ್ಟಣಗಿ ಕೈಯಾಗ ನಿಂತ್ರ ಕೀಬೋರ್ಡ್ ಚಲೋ. ನಿಲ್ಲಲಿಲ್ಲ ಅಂದ್ರ ಕೆಟ್ಟದ್ದು.”

ಆಮೇಲೆ ನನ್ನ ಬೆರಳನ್ನೇ ಹಿಡಿದು ಒಂದು ಕೀಯ ಮೇಲೆ ನಿಧಾನವಾಗಿ ಒತ್ತಿಸಿದರು. ಅರ್ಧ ದಾರಿಯಲ್ಲಿ ಕೆಳಗಿನ ಸ್ಪ್ರಿಂಗು ಬಾಗಿ ಟಕ್ ಎಂದಿತು, ಅಕ್ಷರ ಮೂಡಿತು. “ನೋಡ್ರಿ, ಇದು ಅರ್ಧಕ್ಕನ ಹೇಳತೈತಿ, ಸಾಕು, ಮುಟ್ಟಿತು ಅಂತ. ಬೆರಳು ಅಲ್ಲಿಂದನ ತಿರುಗಿ ಬರತೈತಿ. ಹೊಸಾದು ಏನೂ ಹೇಳೂದಿಲ್ಲ. ಹಸಿ ಹಿಟ್ಟಿನ್ಯಾಗ ಬೆರಳು ಒತ್ತಿದಂಗ. ಮುಟ್ಟಿತೋ ಇಲ್ಲೋ ಅಂತ ಸಂಶೇ ಬಂದು ತಳಕ್ಕ ಗುದ್ದತೇವಿ. ದಿನಾ ಸಾವಿರ ಸಲ ಕಲ್ಲಿಗೆ ಗುದ್ದಿದ್ರ ಏನ ಉಳೀತೈತಿ?” ಸಂಶಯ ಬಂದರೆ ಬೆರಳು ನೋಯುತ್ತದೆ ಎಂಬ ಮಾತು ನನ್ನನ್ನು ನೋಡಿಯೇ ಹೇಳಿದ್ದೋ ಏನೋ.

ಅವರ ಮನೆ ಖಾಸಬಾಗದಲ್ಲಿ, ಪವರ್‌ಲೂಮ್‌ಗಳ ಓಣಿ. ಗೋಡೆಯ ಆ ಕಡೆ ಮಗ್ಗ, ಈ ಕಡೆ ಮಗ್ಗ. ನಾನು ಮೊದಲ ಸಲ ಹೋದಾಗ ಮಾತು ಕೇಳದೆ ಒದ್ದಾಡಿದೆ. ಆಪಾ ಮಾತ್ರ ಆ ಗದ್ದಲದಲ್ಲೇ ಫೋನಿನಲ್ಲಿ “ಹೌ, ಹೌ, ಆತೂಂ”, ಹೌದು, ಬರುತ್ತೇನೆ ಎಂದು ತಮ್ಮ ಉರ್ದುವಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. “ಇಲ್ಲಿ ಸದ್ದಿಗೆ ಯಾರೂ ಅಂಜೂದಿಲ್ಲ. ಸದ್ದು ನಿಂತ್ರ ಎಲ್ಲಾರೂ ಹೊರಗ ಬಂದು ನಿಂತು, ಏನಾತು ಅಂತ ಕೇಳ್ತಾರ” ಎಂದು ನಕ್ಕರು.

ತೊಂದರೆ ಶುರುವಾದದ್ದು ವಿಚಾರಣೆಗಳು ವಿಡಿಯೋದಲ್ಲಿ ನಡೆಯತೊಡಗಿದ ಮೇಲೆ. ನಾವು ಖಾನಾಪುರದ ಸಭಾಂಗಣದಲ್ಲಿ ಕುಳಿತರೆ, ಹಕ್ಕುಪತ್ರ ಕೊಡಬಾರದು ಎನ್ನುವ ಆಕ್ಷೇಪಣೆಯ ಕಡೆಯ ವಕೀಲರು ಬೆಂಗಳೂರಿನಿಂದ ಪರದೆಯ ಮೇಲೆ ಬರುತ್ತಿದ್ದರು. ಮೊದಲ ದಿನವೇ ಅವರು ಕಿವಿಯಿಂದ ಇಯರ್‌ಫೋನ್ ತೆಗೆದು, “ಸರ್, ಅಲ್ಲಿ ತಗಡಿನ ಮೇಲೆ ಮಳೆ ಬೀಳ್ತಿದೆಯಾ?” ಎಂದರು. ಮೈಕು ಆಪಾರ ಕೀಬೋರ್ಡಿನ ಪಕ್ಕದಲ್ಲೇ ಇತ್ತು. ಸಾಹೇಬರು ಸಿಟ್ಟಿನ ಮನುಷ್ಯರಲ್ಲ, ಆದರೆ ನಾಲ್ಕು ಜನರ ಮುಂದೆ ಮುಖಭಂಗವಾದರೆ ಸಹಿಸುವವರೂ ಅಲ್ಲ. ಮರುವಾರ ಆಪಾರ ಮೇಜಿನ ಮೇಲೆ ಸದ್ದಿಲ್ಲದ ಹೊಸ ಕೀಬೋರ್ಡು ಬಂತು. ತೆಳ್ಳಗೆ, ಕರ್ರಗೆ, ಮಕ್ಕಳು ಬರೆಯುವ ಪಾಟಿಯಂತೆ. ಹಳೆಯದನ್ನು ವಿಚಾರಣೆ ಮುಗಿದ ಮೇಲೆ ಶುದ್ಧಪ್ರತಿ ಮಾಡಲು ಮಾತ್ರ ಬಳಸಬಹುದು ಎಂದು ಅಪ್ಪಣೆಯಾಯಿತು. ಆಪಾ ಅದನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ ಚೀಲದಲ್ಲಿ ಹೊತ್ತು ತಿರುಗತೊಡಗಿದರು.

ತಪ್ಪುಗಳು ಬೀಳತೊಡಗಿದವು. ಒಂದು ಅಕ್ಷರ ಎರಡು ಸಲ, ಇನ್ನೊಂದು ಬಿದ್ದೇ ಇಲ್ಲ. ಊರಿನ ಹೆಸರು ಒಂದು ಹೇಳಿಕೆಯಲ್ಲಿ ಬೇರೆಯೇ ಆಗಿ ಮೇಲಿನಿಂದ ಕಾಗದ ವಾಪಸು ಬಂತು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಆ ಕಾಗದವನ್ನು ನೋಡಿದ್ದೇನೆ. ಸಂಜೆ ಹೊತ್ತಿಗೆ ಆಪಾ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಸುಕಿಕೊಳ್ಳುತ್ತ ಕೂರುತ್ತಿದ್ದರು. ಬಾಯಲ್ಲಿ ಸದಾ ಇರುತ್ತಿದ್ದ ಲವಂಗವನ್ನು ಆ ದಿನಗಳಲ್ಲಿ ಕಡಿದು ಕಡಿದು ನುಂಗುತ್ತಿದ್ದರು.

ಸಾಹೇಬರು ಅವರನ್ನು ಕರೆದು ಹೇಳಿದ್ದು ನನ್ನೆದುರಿಗೇ. “ನೋಡಿಮ್ಮ, ನನಗೇನೂ ದ್ವೇಷ ಇಲ್ಲ. ಇನ್ನೊಂದು ಹೇಳಿಕೆ ತಪ್ಪಾಯ್ತು ಅಂದ್ರೆ ಏಜೆನ್ಸಿಗೆ ಬರೀಬೇಕಾಗುತ್ತೆ. ಬೇರೆಯವರನ್ನ ಕಳಿಸ್ತಾರೆ. ಆಮೇಲೆ ನನ್ನ ಬಯ್ಕೋಬೇಡಿ.”

“ಇಲ್ರಿ ಸರ” ಎಂದರು ಆಪಾ.

ಹೊರಗೆ ಬಂದ ಮೇಲೆ ನಾನು, “ಡಾಕ್ಟರ್ ಚೀಟಿ ತಂದು ಹಳೇದಕ್ಕ ಪರವಾನಗಿ ಕೇಳ್ರಿ” ಎಂದೆ.

“ಚೀಟಿ ತಂದ್ರ ಕೈ ಕೆಟ್ಟೇತಿ ಅಂತ ನಾನ ಬರದು ಕೊಟ್ಟಂಗ. ಕೈ ಕೆಟ್ಟಾಕಿನ್ನ ಯಾರ ಇಟ್ಕೋತಾರ? ಒಂದ ಕೆಲಸಾ, ಒಂದ ಕೈ. ಎರಡೂ ನಡೀಬೇಕು” ಎಂದರು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಅವರ ಒಬ್ಬರ ಪಗಾರದ ಮೇಲೆ.

ಆ ಮಧ್ಯಾಹ್ನಕ್ಕೆ ಹೋಗುವ ಮೊದಲು ಇನ್ನೊಂದು ಸಂಗತಿ ಹೇಳಬೇಕು. ಖಾನಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುವಾಗ ಹಿಂದೆ ಹೇಳಿಕೆ ಕೊಟ್ಟುಹೋಗಿದ್ದ ಗೌಳಿಯೊಬ್ಬ ಸಿಕ್ಕಿದ್ದ. ಅವನು ಹೇಳಿದ್ದು ಕೇಳಿ ನಾವಿಬ್ಬರೂ ನಕ್ಕಿದ್ದೆವು. ನಮ್ಮ ವಿಚಾರಣೆಯಲ್ಲಿ ಹೇಗೆ ಮಾತಾಡಬೇಕು ಎಂಬುದು ಗೌಳಿಗಳ ಕೇರಿಗಳಾದ ಗೌಳಿವಾಡಾಗಳಲ್ಲಿ ಬಾಯಿಂದ ಬಾಯಿಗೆ ಹರಡಿತ್ತಂತೆ. ಒಂದು ಮಾತು ಹೇಳಬೇಕು, ಬಾಯಿ ಮುಚ್ಚಬೇಕು. ಟೈಪ್ ಮಾಡುವ ಅಕ್ಕನವರ ಪೆಟ್ಟಿಗೆ ಕಟಕಟ ಅಂದರೆ ಆ ಮಾತು ಬರಕೊಂಡಂಗ. ಕಟಕಟ ನಿಂತ ಮೇಲೆ ಮುಂದಿನ ಮಾತು. ಪೆಟ್ಟಿಗೆ ಸುಮ್ಮನಿದ್ದರೆ ನೀನು ಹೇಳಿದ್ದು ಸರಕಾರಕ್ಕೆ ಒಪ್ಪಿಗೆಯಾಗಿಲ್ಲ, ಬೇರೆ ಹೇಳಬೇಕು.

“ದನದ ಪ್ಯಾಟ್ಯಾಗ ಚೌಕಾಶಿ ಮಾಡಿದಂಗ ಮಾಡ್ತಾರಲ್ರಿ” ಎಂದು ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕದ್ದು ನೆನಪಿದೆ. ಆಗಿನ್ನೂ ಹೊಸ ಕೀಬೋರ್ಡು ಬಂದಿರಲಿಲ್ಲ.

ಆ ದಿನ ಹೇಳಿಕೆ ಕೊಡಬೇಕಾದವಳು ಒಬ್ಬ ಮುದುಕಿ. ಅವಳ ವಾಡಾದ ಅರ್ಜಿಗೆ ಅವಳ ಮಾತೇ ಮುಖ್ಯ ಆಧಾರ. ಅವರು ಹೊಸದಾಗಿ ಬಂದು ಕೂತವರಲ್ಲ, ತಲೆಮಾರುಗಳಿಂದ ಅಲ್ಲೇ ಇದ್ದವರು ಎಂದು ಹೇಳಬಲ್ಲ ಹಿರಿಯ ಜೀವ ಅವಳೊಬ್ಬಳೇ ಉಳಿದಿದ್ದಳು. ಉಳಿದವರು ಸಭಾಂಗಣದ ಬಾಗಿಲ ಹೊರಗೆ ನಿಂತಿದ್ದರು. ಅಜ್ಜಿ ಕುರ್ಚಿಯ ಅಂಚಿಗೆ ಕುಳಿತಿದ್ದಳು, ಒರಗಲಿಲ್ಲ. ಕಣ್ಣು ನೇರ ಆಪಾರ ಕೈಗಳ ಮೇಲೆ. ಆಪಾರ ಮುಂದೆ ಕಪ್ಪು ಪಾಟಿ, ಕಾಲ ಬಳಿ ಚೀಲ. ಪರದೆಯ ಮೇಲೆ ವಕೀಲರು. ನಾನು ಆಪಾರ ಪಕ್ಕದಲ್ಲಿ.

ಸಾಹೇಬರು ಮೊದಲ ಪ್ರಶ್ನೆ ಕೇಳಿದರು. ನೀವು ಇರುವ ಮನೆ ಯಾವ ಕಾಲದ್ದು? ಅಜ್ಜಿ ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ನಮ್ಮ ಮಾತಿನಲ್ಲೇ ಕೊಡುತ್ತೇನೆ.

“ನನ್ನ ಮಾವನ ಅಪ್ಪ ಹಾಕಿದ ಮನಿ ಅದು. ಅವನ ಸಮಾಧಿ ಕಲ್ಲು ಹಟ್ಟಿ ಹಿಂದ ಐತಿ.”

ನಾನು ತಿರುಗಿಸಿ ಹೇಳಿದೆ. ಆಪಾ ಟೈಪ್ ಮಾಡಿದರು. ಅಜ್ಜಿ ಬಾಯಿ ಮುಚ್ಚಿ ಕಾದಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವಳು ನನ್ನ ಮುಖ ನೋಡಿದಳು, ಮತ್ತೆ ಆ ಕೈಗಳನ್ನು ನೋಡಿದಳು.

“ಮುಂದೆ?” ಎಂದರು ಸಾಹೇಬರು.

“ಒಪ್ಪಿಗಿ ಆಗಲಿಲ್ಲೇನು?” ಎಂದಳು ಅಜ್ಜಿ, ಮೆಲ್ಲಗೆ. ಯಾರೂ ಉತ್ತರಿಸದ್ದು ನೋಡಿ ತಾನೇ ಮುಂದುವರಿದಳು. “ಆತು. ಮಾವನ ಕಾಲದಾಗ ಹಾಕಿದ್ದು ಅಂತ ಬರಕೋರಿ.”

ಏನಾಗುತ್ತಿದೆ ಎಂದು ನನಗೆ ಹೊಳೆಯಿತು. “ಸರ್, ಅವರು ಸದ್ದಿಗೆ ಕಾಯ್ತಿದಾರೆ. ಅವರಿಗೆ—”

“ನೀವು ಭಾಷಾಂತರ ಮಾಡಿ ಸಾಕು” ಎಂದರು ಸಾಹೇಬರು. “ಅರ್ಥ ಹೇಳೋದು ನಿಮ್ಮ ಕೆಲಸ ಅಲ್ಲ.”

ಭಾಷಾಂತರ ಮಾಡಿದೆ. ಪರದೆಯ ಮೇಲಿನ ವಕೀಲರು ಮುಂದಕ್ಕೆ ಬಾಗಿದರು. “ದಯವಿಟ್ಟು ಎರಡೂ ದಾಖಲಾಗಲಿ ಸರ್. ಮೊದಲು ಮಾವನ ಅಪ್ಪ ಅಂದ್ರು, ಈಗ ಮಾವ ಅಂತಿದಾರೆ.”

“ಆಗುತ್ತೆ” ಎಂದರು ಸಾಹೇಬರು. ಆಪಾರ ಬೆರಳು ಓಡಿದವು. ಸದ್ದಿಲ್ಲ.

ಗಂಡಸರ ದನಿ ಬಿಗಿಯಾದದ್ದು ಅಜ್ಜಿಗೆ ಕೇಳಿಸಿತು, ಮಾತು ಅರ್ಥವಾಗಲಿಲ್ಲ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಸಂತೆಯಲ್ಲಿ ಕೊನೆಯ ಬೆಲೆ ಹೇಳುವವರ ಬೇಸರ ಅವಳ ಮುಖದಲ್ಲಿತ್ತು. “ಅದೂ ಹೆಚ್ಚಾತೇನು? ಹೋಗಲಿ. ನನ್ನ ಗಂಡ ಹಾಕಿದ್ದು ಅಂತ ಬರಕೋರಿ. ಇದಕ್ಕಿಂತ ಕೆಳಗ ನಾ ಬರಾಂಗಿಲ್ಲ.”

ಇದನ್ನೂ ನಾನು ತಿರುಗಿಸಬೇಕಾಯಿತು. ಆದಷ್ಟು ನಿಧಾನವಾಗಿ ತಿರುಗಿಸಿದೆ. ಕೊನೆಯ ವಾಕ್ಯವನ್ನು ಹೇಳಿದೆನೋ ಬಿಟ್ಟೆನೋ ಈಗ ಗೊತ್ತಿಲ್ಲ. ಹೇಳಿದ್ದರೆ ಸಾಹೇಬರಿಗೆ ಅರ್ಥವಾಗಬೇಕಿತ್ತು. ಅರ್ಥವಾಗಲಿಲ್ಲ ಎಂದರೆ ಹೇಳಿರಲಿಕ್ಕಿಲ್ಲ. ಆಪಾರ ಕಂಪ್ಯೂಟರಿನ ಪರದೆಯ ಕಡೆ ಓರೆಗಣ್ಣಿನಲ್ಲಿ ನೋಡಿದೆ. ಮೂರು ಉತ್ತರಗಳು ಒಂದರ ಕೆಳಗೊಂದು ನಿಂತಿದ್ದವು. ಒಂದನ್ನೊಂದು ತಿನ್ನುವ ಮೂರು ಉತ್ತರಗಳು. ಇದರ ಕೆಳಗೆ ಅಜ್ಜಿಯ ಹೆಬ್ಬೆಟ್ಟು ಬಿದ್ದರೆ ಅವಳ ವಾಡಾದ ಕಥೆ ಅಲ್ಲಿಗೆ ಮುಗಿಯಿತು. ನನ್ನ ಕಣ್ಣಿಗೆ ಕಂಡ ಮಟ್ಟಿಗೆ ಆ ಸಾಲುಗಳಲ್ಲಿ ಒಂದೂ ಅಕ್ಷರದ ತಪ್ಪಿರಲಿಲ್ಲ. ಆಪಾ ಆ ಕಪ್ಪು ಪಾಟಿಯ ಮೇಲೆ ಅಷ್ಟು ಸ್ವಚ್ಛವಾಗಿ ಹಿಂದೆಂದೂ ಹೊಡೆದಿರಲಿಲ್ಲ.

ಆಪಾ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

“ಸರ, ತಪ್ಪಾಗೇತ್ರಿ.”

“ಏನು ತಪ್ಪು?”

“ನನ್ನ ಕೈರಿ. ಬೆರಳು ಹಿಡಕೊಂಡಾವು. ಅಕ್ಷರ ಬಿಟ್ಟಾವು, ಒಂದ ಸಾಲಿನ ಮಾತು ಇನ್ನೊಂದರಾಗ ಹೋಗಿ ಕುಂತೈತಿ. ಇದಕ್ಕ ಹೆಬ್ಬಟ್ಟು ಹಾಕಸಾಕ ಬರೂದಿಲ್ಲ. ಮೊದಲಿಂದ ತಗೋಬೇಕ್ರಿ.”

ಸಾಹೇಬರು ಪೆನ್ನು ಕೆಳಗಿಟ್ಟರು. ನೋಡಲೆಂದು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಅವರು ಮೇಜು ಸುತ್ತಿ ಬರುವಷ್ಟರಲ್ಲಿ ಆಪಾ ಆ ಕಡತವನ್ನು ಮುಚ್ಚಿದರು. ಉಳಿಸಬೇಕೇ ಬೇಡವೇ ಎಂದು ಕಂಪ್ಯೂಟರ್ ಕೇಳಿತು. ಆಪಾ ಒಂದು ಬೆರಳು ಚಾಚಿ ಬೇಡ ಎಂದು ಒತ್ತಿದರು. ಸಾಹೇಬರು ಬಂದಾಗ ಪರದೆ ಖಾಲಿ ಇತ್ತು.

“ಎಲ್ಲಿ?”

“ಅಳಿಸೇನ್ರಿ. ತಪ್ಪಿತ್ತಲ್ಲ.”

“ಸರ್, ನಾವೆಲ್ಲ ಕೇಳಿದೀವಿ” ಎಂದರು ವಕೀಲರು. “ಮೂರು ಉತ್ತರ ಕೊಟ್ಟಿದಾರೆ.”

ಸಾಹೇಬರು ಖಾಲಿ ಪರದೆಯನ್ನೇ ನೋಡುತ್ತಿದ್ದರು. ಆ ವಿಡಿಯೋವನ್ನು ರೆಕಾರ್ಡ್ ಮಾಡಿಕೊಳ್ಳುವ ಏರ್ಪಾಡು ಇರಲಿಲ್ಲ. “ಕೇಳಿದ್ದು ದಾಖಲೆ ಅಲ್ಲ” ಎಂದರು ಕೊನೆಗೆ, ಹಲ್ಲು ಬಿಗಿಹಿಡಿದು. “ಸಹಿ ಆದದ್ದು ದಾಖಲೆ. ಮತ್ತೆ ತಗೋಬೇಕು.” ಆಮೇಲೆ ಆಪಾರ ಕಡೆ ತಿರುಗಿದರು. “ಏನು ಮಾಡ್ಕೊಂಡ್ರಿ ಅಂತ ಗೊತ್ತಾ ನಿಮಗೆ?”

“ಗೊತ್ತೈತ್ರಿ.”

“ಈ ಕೈಲಿ ಮತ್ತೆ ಹೊಡೀತೀರಾ?”

“ನನ್ನ ಕೀಬೋರ್ಡ್ ಚೀಲದಾಗ ಐತ್ರಿ ಸರ.”

ಸಾಹೇಬರು ಹುಬ್ಬು ಉಜ್ಜಿಕೊಂಡರು. “ಹಾಕ್ಕೊಳ್ಳಿ. ಇವತ್ತೊಂದೇ ದಿನ.” ಆಪಾ ಹೊಡೆಯುವಾಗಲೆಲ್ಲ ಮೈಕು ಬಂದ್ ಮಾಡಿ, ಪ್ರಶ್ನೆಗೆ ಮತ್ತೆ ತೆರೆಯುವ ಕೆಲಸವನ್ನು ಅವರೇ ವಹಿಸಿಕೊಂಡರು.

ದುಪಟ್ಟಾ ಬಿಚ್ಚಿ ಹಳೆಯ ಕೀಬೋರ್ಡನ್ನು ಮೇಜಿನ ಮೇಲಿಟ್ಟಾಗ ಅಜ್ಜಿ ಅದನ್ನು ಗುರುತಿಸಿದವಳಂತೆ ಕತ್ತು ಚಾಚಿದಳು. ಪ್ರಶ್ನೆ ಅದೇ. ಅವಳು, “ಮಾವನ ಅಪ್ಪ ಹಾಕಿದ ಮನಿ” ಎಂದಳು, ಬಾಯಿ ಮುಚ್ಚಿದಳು. ಸಭಾಂಗಣದ ತುಂಬ ಕಟಕಟ ಎದ್ದಿತು. ಅಜ್ಜಿ ಮೊದಲ ಸಲ ಕುರ್ಚಿಗೆ ಒರಗಿದಳು. ಸಮಾಧಿ ಕಲ್ಲು, ಹಲಸಿನ ಮರ, ಬೇಸಿಗೆಯಲ್ಲೂ ಬತ್ತದ ಒರತೆ, ಒಂದೊಂದಾಗಿ ಹೇಳಿದಳು. ಪ್ರತಿ ಮಾತಿಗೂ ನಿಂತಳು, ಸದ್ದು ಮುಗಿಯುವ ತನಕ ಕಾದಳು, ಮುಂದುವರಿದಳು. ವಕೀಲರು ಅಡ್ಡಪ್ರಶ್ನೆ ಕೇಳಿದರು. ಅವಳು ಅಲುಗಲಿಲ್ಲ.

ಹೆಬ್ಬೆಟ್ಟು ಒತ್ತಿ ಹೋಗುವಾಗ ಆಪಾರ ಮುಂದೆ ನಿಂತು ಕೇಳಿದಳು. “ನಿನ್ನ ಪೆಟಗಿ ಆಗ ಕೆಟ್ಟಿತ್ತೇನ ಮಗಳ?”

“ಪೆಟಗಿ ಅಲ್ಲ ಆಯಿ, ನನ್ನ ಕೈ” ಎಂದು ಆಪಾ ಮರಾಠಿಯಲ್ಲೇ ಹೇಳಿದರು.

ತಿಂಗಳು ಮುಗಿದಾಗ ಏಜೆನ್ಸಿಯಿಂದ ಬೇರೆ ಹುಡುಗಿ ಬಂದಳು. ಸಾಹೇಬರು ಹೇಳಿದಂತೆಯೇ ನಡೆದುಕೊಂಡಿದ್ದರು, ಅದರಲ್ಲಿ ಮೋಸವಿರಲಿಲ್ಲ. ನಾನೂ ಹೆಚ್ಚು ದಿನ ಅಲ್ಲಿ ನಿಲ್ಲಲಿಲ್ಲ. ನಾನು ಎಲ್ಲಿಯೂ ಹೆಚ್ಚು ದಿನ ನಿಂತವನಲ್ಲ.

ಆದರೆ ಆ ಖಾಲಿ ಪರದೆ ನನ್ನನ್ನು ಬಿಡಲಿಲ್ಲ. ಅನಗೋಳದ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಎರಡೂ ಪಕ್ಷದ ವಾದ ಹೂಡುತ್ತಿದ್ದೆ. ಆಪಾರ ಕೈ ನೋಯುತ್ತಿದ್ದುದು ನಿಜ. ತಪ್ಪು ಬೀಳುತ್ತಿದ್ದುದೂ ನಿಜ. ಆ ದಿನವೂ ನಿಜವಾಗಿಯೇ ತಪ್ಪಾಗಿರಬಹುದು. ನಾನು ನೋಡಿದ್ದು ಓರೆಗಣ್ಣಿನ ಒಂದು ಕ್ಷಣ, ಅದೂ ಗಾಬರಿಯಲ್ಲಿ. ಆಮೇಲೆ ನಡೆದದ್ದು ಗೊತ್ತಿರುವುದರಿಂದ ನನ್ನ ನೆನಪು ಆ ಸಾಲುಗಳನ್ನು ತಾನೇ ತಿದ್ದಿ ಸ್ವಚ್ಛ ಮಾಡಿರಬಹುದು. ನನ್ನ ಪ್ರಬಂಧದ ಪ್ರಕಾರ ಹಾಗೇ ಆಗಬೇಕು. ತಪ್ಪಿದ್ದರೆ ಆಪಾ ಕೈ ಸೋತ ಪ್ರಾಮಾಣಿಕ ಟೈಪಿಸ್ಟ್. ತಪ್ಪಿರದಿದ್ದರೆ ಪರಿಚಯವಿಲ್ಲದ ಮುದುಕಿಗಾಗಿ ತುಂಬಿದ ಸಭೆಯಲ್ಲಿ ಸುಳ್ಳು ಹೇಳಿ ತಮ್ಮ ಅನ್ನ ತಾವೇ ಕಳೆದುಕೊಂಡವರು. ಎರಡರಲ್ಲಿ ಯಾರು ನನ್ನ ಪಕ್ಕ ಕುಳಿತಿದ್ದರು?

ತಡೆಯಲಾರದೆ ಖಾಸಬಾಗಕ್ಕೆ ಹೋದೆ. ಸಂಜೆ. ಮಗ್ಗಗಳು ನಡೆದಿದ್ದವು. ಆಪಾ ಅಡುಗೆಮನೆಯಲ್ಲಿ ನೆಲಕ್ಕೆ ಕುಳಿತು ಚಪಾತಿ ಲಟ್ಟಿಸುತ್ತಿದ್ದರು. ಕೈ ನೆಟ್ಟಗೇ ಓಡುತ್ತಿತ್ತು. ಅದನ್ನೇ ಸಾಕ್ಷಿ ಎಂದುಕೊಂಡೆ. ಮರುಕ್ಷಣ, ಇಷ್ಟು ದಿನ ವಿಶ್ರಾಂತಿ ಸಿಕ್ಕ ಕೈ ಸರಿಹೋಗಿರಲೂಬಹುದಲ್ಲ ಎಂದುಕೊಂಡೆ.

“ಬರ್ರಿ ಡಾಕ್ಟರ್ರ, ಕುಂದರ್ರಿ. ಪೂರ್ತಿ ಆದ್ರೋ ಇನ್ನೂ ಅರ್ಧಾನೋ?”

“ಅರ್ಧಾನ ಅದೇನ್ರಿ.” ಮಣೆ ಎಳೆದುಕೊಂಡು ಕುಳಿತೆ. ಅವರು ಮದುವೆ ಕಾರ್ಡುಗಳ ಕೆಲಸ ಹಿಡಿದಿದ್ದಾರೆ, ಮನೆಯಲ್ಲೇ ಹಳೆಯ ಕೀಬೋರ್ಡಿನ ಮೇಲೆ ಹೊಡೆಯುತ್ತಾರೆ ಎಂದು ಗೊತ್ತಾಯಿತು. ಪಗಾರದಷ್ಟು ಬರುವುದಿಲ್ಲ ಎಂದು ಕೇಳದೆಯೂ ತಿಳಿಯಿತು. ಕೊನೆಗೆ ಕೇಳಿಯೇಬಿಟ್ಟೆ. “ಆಪಾ, ಅವತ್ತ ಖರೇನ ತಪ್ಪಾಗಿತ್ತೇನ್ರಿ?”

“ಸಾಹೇಬ್ರು ನಂಬಿದ್ರಲ್ಲ.”

“ನಾ ನಂಬಿಲ್ಲ.”

“ನೀವು ಯಾವದನ್ನ ನಂಬ್ತೀರಿ?” ಎಂದು ಒಂದು ಚಪಾತಿಯನ್ನು ತವೆಗೆ ಹಾಕಿದರು.

“ನಾ ಪರದಿ ನೋಡೇನ್ರಿ. ಒಂದೂ ತಪ್ಪಿರಲಿಲ್ಲ.”

ಆಪಾ ಲಟ್ಟಣಿಗೆ ನಿಲ್ಲಿಸಿದರು. ನಗುತ್ತಿರಲಿಲ್ಲ. “ಹಂಗಾದ್ರ ಆ ಮುದುಕಿ ಮೂರ ಮಾತ ಆಡಿದ್ದು ಖರೇ ಆತು. ಅಕಿ ಅರ್ಜಿ ಇನ್ನೂ ಮ್ಯಾಲ ಐತಿ. ನಾಳೆ ಯಾರರ ನಿಮ್ಮನ್ನ ಕರದು ಕೇಳಿದ್ರ, ಒಂದೂ ತಪ್ಪಿರಲಿಲ್ಲ ಅಂತ ಹೇಳ್ತೀರೇನು?”

ನಾನು ತವೆಯ ಮೇಲಿನ ಚಪಾತಿಯನ್ನು ನೋಡಿದೆ.

“ನೆನಪಿನ ಬಗ್ಗಿ ಓದಿದವರು ನೀವು” ಎಂದು ಚಪಾತಿ ಮಗುಚಿದರು. “ನೋಡ್ಕೊಂಡು ನೆನಪ ಇಟ್ಕೋರಿ.”

ಉತ್ತರ ಅಷ್ಟೇ. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಮುಂದಿನ ಮಳೆಗಾಲದೊಳಗೆ ಆಪಾ ಹೃದಯದ ತೊಂದರೆಯಿಂದ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು. ಈಚೆಗೆ ಅಜ್ಜಿಯ ವಾಡಾಕ್ಕೆ ಹಕ್ಕುಪತ್ರ ಬಂದಿದೆ. ಬೇರೆ ವಾಡಾಗಳ ಹಿರಿಯರೂ ಆ ಸಮಾಧಿ ಕಲ್ಲಿನ ಬಗ್ಗೆ ಹೇಳಿಕೆ ಕೊಟ್ಟು, ಅಧಿಕಾರಿಗಳು ಹೋಗಿ ಕಲ್ಲನ್ನು ಕಣ್ಣಾರೆ ಕಂಡ ಮೇಲೆ ಬಂದ ಪತ್ರ ಅದು. ಅದು ಕೈಸೇರಿತು ಎಂದು ತಿಳಿದ ಮೇಲೆಯೇ ನಾನು ಇದನ್ನು ಬರೆಯಲು ಕುಳಿತದ್ದು. ಹೆಸರುಗಳನ್ನು ಬಿಟ್ಟಿದ್ದೇನೆ. ಆ ಕಾಡಿನಲ್ಲಿ ಗೌಳಿವಾಡಾಗಳು ಒಂದೆರಡಲ್ಲ.

ಆದರೆ ಸಾಹೇಬರ ಬೀಳ್ಕೊಡುಗೆಯ ದಿನ ಹಕ್ಕುಪತ್ರ ಇನ್ನೂ ಬಂದಿರಲಿಲ್ಲ. ಹಳಬರನ್ನೆಲ್ಲ ಕರೆದಿದ್ದರು, ನಾನೂ ಹೋಗಿದ್ದೆ. ಹಾರ, ಶಾಲು, ಫಲಾಹಾರ ಆದ ಮೇಲೆ ಸಾಹೇಬರು ಸೇವೆಯ ದಿನಗಳ ತಮಾಷೆಗಳನ್ನು ಹೇಳುತ್ತ ಆ ಮಧ್ಯಾಹ್ನಕ್ಕೆ ಬಂದರು. “ಒಬ್ಬ ಟೈಪಿಸ್ಟ್ ಇದ್ರು. ಅಟ್ಟಕ್ಕೆ ಹಾಕೋವಂಥ ಹಳೇ ಕೀಬೋರ್ಡೇ ಬೇಕು ಅಂತ ಹಟ. ಹೊಸದು ಕೊಟ್ಟರೆ ಎಲ್ಲ ತಪ್ಪು ಹೊಡೆದು, ಬೈತಾರೆ ಅಂತ ಹೆದರಿ ಇಡೀ ಹೇಳಿಕೇನೇ ಅಳಿಸಿಬಿಟ್ರು.” ಜನ ನಕ್ಕರು. ಮುಂದಿನ ಸಾಲಿನಲ್ಲಿ ಆಕ್ಷೇಪಣೆಯ ಕಡೆಯ ಆ ವಕೀಲರು ಕುಳಿತಿದ್ದರು. ಅವರು ನಗಲಿಲ್ಲ. ತಿರುಗಿ ನನ್ನನ್ನೇ ನೋಡುತ್ತಿದ್ದರು. ಸಾಹೇಬರು ನನ್ನ ಕಡೆ ಕೈ ತೋರಿಸಿದರು. “ಇವರೂ ಅಲ್ಲೇ ಪಕ್ಕದಲ್ಲಿ ಕೂತಿದ್ರು, ಕೇಳಿ ಬೇಕಾದ್ರೆ. ತಪ್ಪಾಗಿತ್ತು ತಾನೆ?”

ಎಲ್ಲರೂ ನನ್ನತ್ತ ತಿರುಗಿದರು. ಆ ಸ್ವಚ್ಛವಾದ ಮೂರು ಸಾಲುಗಳು ನನ್ನ ಕಣ್ಣ ಮುಂದೆ ಹಾಗೇ ನಿಂತಿದ್ದವು.

“ಹೌದು ಸರ್” ಎಂದೆ. “ಪರದೆ ತುಂಬ ತಪ್ಪಿತ್ತು. ಆಪಾರ ಕೈ ಅವತ್ತು ಪೂರಾ ಹೋಗಿತ್ತು.”

ಜನ ಮತ್ತೆ ನಕ್ಕರು. ವಕೀಲರು ಮುಂದಕ್ಕೆ ತಿರುಗಿಕೊಂಡರು. ನನ್ನ ಜೀವನದಲ್ಲಿ ಇಷ್ಟು ಖಚಿತವಾಗಿ ನಾನು ಯಾವ ಸಾಕ್ಷಿಯನ್ನೂ ನುಡಿದಿಲ್ಲ.